ತಲೆಬಾಗಿಲು

ಸೆಮಾರಾಂಗಿನ ಬಡಗಣ ಅಂಚಿನಲ್ಲಿ, ಬಂದರಿನ ಬೆನ್ನಿಗೆ,
ನಮ್ಮ ಹಳೆಮನೆ ವರ್ಷಕ್ಕೆ ನಾಲ್ಕು ಬೆರಳು ಇಳಿಯುತ್ತಿತ್ತು.
ಉಬ್ಬರದ ದಿನ ಬಚ್ಚಲ ತೂತಿನಿಂದ
ಕಡಲು ಒಳಗೆ ಬರುವುದು,
ಕೇಳದೆ, ಚಪ್ಪಲಿ ಬಿಡದೆ.

ಗಿಮಾನ್ ಮಣ್ಣು ತುಂಬಿಸಿ ನೆಲ ಎತ್ತರಿಸಿದ.
ಮತ್ತೊಮ್ಮೆ ಎತ್ತರಿಸಿದ.
ಸೆಕಾರ್ ಹುಟ್ಟಿದ ವರ್ಷ ಮೂರನೆಯ ಸಲ.
ನೆಲ ಏರಿತು, ಚಾವಣಿ ಏರಲಿಲ್ಲ.
ಕಿಟಕಿ ಮೊಣಕಾಲಿಗೆ ಬಂತು, ಸ್ವಿಚ್ಚು ಸೊಂಟಕ್ಕೆ,
ಬಾಗಿಲ ಮೇಲಡ್ಡ ನನ್ನ ಗಂಡನ ಹುಬ್ಬಿಗೆ.
ಹನ್ನೊಂದು ವರ್ಷ ಅವನು
ತನ್ನ ಮನೆಗೆ ತಾನೇ ಕಳ್ಳನ ಹಾಗೆ ಬಗ್ಗಿ ಬಂದ.

ಮಾರಿಬಿಡಿ, ಎಂದರು ಕಂಡವರೆಲ್ಲ.
ಮೊಣಕಾಲುದ್ದ ನೀರಿಗೆ ಗಿರಾಕಿ ಯಾರು?

ತೆಂಕಣ ಗುಡ್ಡದ ಹೊಸ ಬಡಾವಣೆಯ ಕರಪತ್ರದಲ್ಲಿ
ಈಜುಕೊಳವಿತ್ತು, ಹಲ್ಲು ಬಿಟ್ಟು ನಗುವ ಕುಟುಂಬವಿತ್ತು,
ಟೋಲ್ ಗೇಟಿಗೆ ಹನ್ನೆರಡು ನಿಮಿಷ ಎಂದಿತ್ತು.
ನಾನು ಎರಡು ಸಲ ಓದಿದ್ದು ಅಡಿಯ ಸಣ್ಣಕ್ಷರದ ಸಾಲು:
ಸಮುದ್ರಮಟ್ಟದಿಂದ ಇನ್ನೂರ ಮೂವತ್ತು ಮೀಟರ್.

ಮೂವತ್ತಾರು ಚದರ ಮೀಟರ್ ಮನೆ, ಎಪ್ಪತ್ತೆರಡರ ಜಾಗ.
ಅಡುಗೆಮನೆ ಬೇಕಿದ್ದರೆ ಹಿತ್ತಿಲಲ್ಲಿ ನೀವೇ ಕಟ್ಟಿಕೊಳ್ಳಿ, ಎಂದ
ಫಜ್ರಿ ಎಂಬ ಮಾರಾಟದ ಹುಡುಗ, ಇಸ್ತ್ರಿ ಅಂಗಿ, ಕೆಂಪು ಮಣ್ಣಿನ ಬೂಟು.
ಮಳೆನೀರು ಎತ್ತ ಹೋಗುತ್ತದೆ, ಕೇಳಿದೆ.
ಅವನ ಕಡತದಲ್ಲಿ ಅದಿರಲಿಲ್ಲ.
ಚೀಲದ ಬಾಟಲಿ ತೆಗೆದು
ಹೊಸಿಲು ಬರಬೇಕಾದ ಕಡೆ ನೀರು ಸುರಿದೆ.
ಯಾವುದೋ ಪೂಜೆಯೆಂದು ಹುಡುಗ ಎರಡು ಹೆಜ್ಜೆ ಸರಿದು ನಿಂತ.
ನೀರು ಒಂದು ಕ್ಷಣ ಯೋಚಿಸಿತು,
ಆಮೇಲೆ ಇಳಿಜಾರು ಹಿಡಿದು ಓಡಿಹೋಯಿತು,
ಹಿಂದೆ ನೋಡಲಿಲ್ಲ.
ಇದೇ ಇರಲಿ, ಅಂದೆ.

ಬ್ಯಾಂಕಿನಾಕೆ ಕೇಳಿದಳು: ಬೇರೆ ಸ್ವತ್ತು ಇದೆಯೇ?
ಇದೆ, ಎಂದ ಗಿಮಾನ್. ಇಳಿತವಿದ್ದಾಗ.
ಆಕೆ ನಗಲಿಲ್ಲ. ಖಾನೆಯೊಂದಕ್ಕೆ ಗೀಟು ಹಾಕಿದಳು.
ನೂರೆಂಬತ್ತು ಕಂತು.
ನಾನದನ್ನು ಶಾಲೆಯ ಸಮವಸ್ತ್ರಗಳಲ್ಲಿ ಲೆಕ್ಕ ಹಾಕಿದೆ,
ಹೊಲಿಗೆ ಮಾತ್ರ, ಗುಂಡಿ ಬೇರೆ.

ಚಿಕ್ಕತ್ತೆ ನಮ್ಮಿಬ್ಬರ ಹುಟ್ಟಿದ ವಾರ ಕೂಡಿ ಕಳೆದು
ಬುಧವಾರ ಪೋನ್ ಶುಭ ಎಂದಳು.
ಲಾರಿಯವನಿಗೆ ಬಿಡುವಿದ್ದದ್ದು ಶನಿವಾರ.
ಅದಕ್ಕೇ ಬುಧವಾರ ಒಂದು ಪೊರಕೆ, ಒಂದು ಚಾಪೆ, ಒಂದು ದಿಂಬು
ಸ್ಕೂಟರಿನಲ್ಲಿ ಮೊದಲು ವಾಸಕ್ಕೆ ಹೋದವು.
ಶನಿವಾರ ನಾವು ಸಾಮಾನಿನ ಜೊತೆ ಸಾಮಾನಾಗಿ ಬಂದೆವು.

ಸಂಜೆ ಬೀದಿಯ ಮುಖಂಡ ಪಾಕ್ ಕಾರ್ಸಿದಿ
ಒಂದು ಮೊಳೆ, ಒಂದು ಹಾಲಿನ ಡಬ್ಬಿ ಹಿಡಿದು ಬಂದರು.
ಗೇಟಿಗೆ ಅವರೇ ಹೊಡೆದು ತೂಗಿಸಿದರು.
ರಾತ್ರಿಗೊಂದು ಹಿಡಿ ಅಕ್ಕಿ, ಕಾವಲಿನವರು ಬಂದು ಒಯ್ಯುತ್ತಾರೆ,
ಯಾರೋ ಸತ್ತರೆ, ಯಾರದೋ ಮಗು ಆಸ್ಪತ್ರೆ ಸೇರಿದರೆ ಬೇಕಾಗುತ್ತದೆ, ಎಂದರು.
ಹಳೆಯ ಓಣಿಯಲ್ಲೂ ಇತ್ತು ಇದು,
ಕಾವಲಿಗೆ ನಡೆಯಲು ಓಣಿ ಇದ್ದಷ್ಟು ದಿನ.

ಅಂದು ಒಂದೂವರೆಗೆ ಬಿದಿರ ಕೊಳವೆಯ ಸದ್ದು,
ಟೊಕ್ ಟೊಕ್, ಪಕ್ಕದ ಮನೆ,
ಆಮೇಲೆ ನಮ್ಮ ಅಕ್ಕಿ ಚೀಲಕ್ಕೆ ಜಾರುವ ಸಪ್ಪಳ.
ಕತ್ತಲಲ್ಲಿ ಗಿಮಾನ್ ಅಂದ: ಎಣಿಸಿಕೊಂಡರು ನಮ್ಮನ್ನೂ.

ಈಗ ಏಳು ಕಂತು ಮುಗಿದಿವೆ.
ಗೋಡೆಯ ಮೂಲೆಯಲ್ಲಿ ಕೂದಲೆಳೆಯ ಬಿರುಕು,
ಗುಡ್ಡವೂ ಮೈ ಮುರಿಯುತ್ತದಂತೆ, ಕಾರ್ಸಿದಿ ಹೇಳುತ್ತಾರೆ,
ಕ್ಯಾಲೆಂಡರ್ ತೂಗುಹಾಕಿದ್ದೇನೆ ಅದರ ಮೇಲೆ.

ಹೊಸ ಬಾಗಿಲು ಎತ್ತರ.
ಸೆಕಾರ್ ಸ್ಟೂಲು ಹತ್ತಿ ಅಳೆದಿದ್ದಾಳೆ,
ಅಪ್ಪನ ನೆತ್ತಿಯ ಮೇಲೆ ಅವಳ ಎರಡು ಗೇಣು ಖಾಲಿ.
ಆದರೂ ದಿನವೂ ಗಿಮಾನ್
ಹೊಸಿಲಲ್ಲಿ ಕತ್ತು ತಗ್ಗಿಸಿಯೇ ಒಳಬರುತ್ತಾನೆ.
ಎದುರುಮನೆಯ ಬು ಸುಗಿಯಾರ್ತಿಗೆ ಬಲು ಮೆಚ್ಚುಗೆ:
ಎಂಥ ವಿನಯ, ಹಳೆಕಾಲದ ಮನೆತನವಿರಬೇಕು.
ನಾನು ಹೌದೆನ್ನುತ್ತೇನೆ, ಹೊಲಿಗೆಯಿಂದ ತಲೆ ಎತ್ತದೆ.

ಬೆಳಗ್ಗೆ ಏಳುವಾಗ ನಾನೂ
ಮೊದಲು ಹೆಬ್ಬೆರಳನ್ನಷ್ಟೇ
ನೆಲಕ್ಕಿಟ್ಟು ನೋಡುತ್ತೇನೆ.