ಬಾವುಟದವಳು

ಬೆಳಗ್ಗೆ ಐದೂವರೆಗೆ ಡಿಪೋದಲ್ಲಿ ರುಜು ಹಾಕಿದರೆ
ಒಂದು ಕೆಂಪು ಬಾವುಟ, ಒಂದು ಹಿತ್ತಾಳೆ ಗಂಟೆ ಕೊಡುತ್ತಾರೆ.
ಗಂಟೆ ಯಾವುದೋ ಮುಚ್ಚಿದ ಶಾಲೆಯದು, ಬಿರುಕು ಬಿಟ್ಟಿದೆ,
ಢಣ್ ಎನ್ನದೆ ಠಕ್ ಎನ್ನುತ್ತದೆ.

ಮೂರು ತಿಂಗಳು ಪರೀಕ್ಷೆಯ ಓಡಾಟ,
ಮಕ್ಕಳ ಕೂಟದಿಂದ ಮಾರ್ಕೆಟ್ಟಿನ ತನಕ ಒಂದೇ ಜೋಡಿ ಹಳಿ.
ಟ್ರಾಮಿನ ಮುಂದೆ ಹತ್ತು ಮಾರು ನಡೆಯುವುದು ನನ್ನ ಕೆಲಸ.
ಜರುಗಿ ಸ್ವಾಮಿ, ಜರುಗಮ್ಮ, ಗಾಡಿ ಬಂತು.

ಮೊದಲ ದಿನ ಸಾಹೇಬರು ಹೇಳಿದ್ದು ಒಂದೇ ಮಾತು:
ಗಂಗಲಕ್ಷ್ಮಮ್ಮ, ಇದಕ್ಕೆ ಪಕ್ಕಕ್ಕೆ ಸರಿಯೋದಕ್ಕೆ ಬರಲ್ಲ.
ನಗು ಬಂತು.
ಈ ಊರಲ್ಲಿ ಸರಿಯಲು ಬಾರದ್ದು ಯಾವುದಿದೆ?
ಕೆರೆ ಸರಿದು ಬಸ್ ನಿಲ್ದಾಣಕ್ಕೆ ಜಾಗ ಬಿಟ್ಟಿದೆ,
ಮನೆಯ ಮೆಟ್ಟಿಲು ಸರಿದು ರಸ್ತೆಯಾಗಿದೆ,
ಮೂವರು ಕೂತ ಸೀಟಿಗೆ ನಾಲ್ಕನೆಯವನ ಸೊಂಟ
ಸ್ವಲ್ಪ ಅಡ್ಜಸ್ಟ್ ಮಾಡಿ ಎನ್ನುವ ಮೊದಲೇ ಇಳಿದಿರುತ್ತದೆ.
ಆ ಒಂದು ಪದದೊಳಗೆ ಕೋಟಿ ಜನ
ಮಗ್ಗುಲು ಬದಲಿಸದೆ ಮಲಗಿ ಏಳುತ್ತೇವೆ.

ಓಡಿಸುವವನು ಫ್ರಾನ್ಸಿಸಣ್ಣ.
ಇಪ್ಪತ್ತೆರಡು ವರ್ಷ ಬಸ್ಸು ತಿರುಗಿಸಿದ ಕೈ.
ಇಲ್ಲಿ ಸ್ಟಿಯರಿಂಗ್ ಇಲ್ಲ, ಒಂದು ಹಿಡಿ, ಒಂದು ಬ್ರೇಕು, ಅಷ್ಟೆ.
ಆದರೂ ಗುಂಡಿ ಕಂಡರೆ
ಗಾಜಿನ ಹಿಂದೆ ಅವನ ಕೈ ಬರಿಗಾಳಿಯನ್ನು ಎಡಕ್ಕೆ ತಿರುಗಿಸುತ್ತದೆ.
ಹೊರಳಿ ನೋಡಿದ ನನಗೆ ಮಾತ್ರ ಅದು ಗೊತ್ತು.

ಒಂದು ದಿನ ಹಳಿಯ ಮೇಲೆ ಬಿಳಿ ಕಾರು,
ನಾಲ್ಕೂ ದೀಪ ಮಿಣಮಿಣ.
ಎರಡೇ ನಿಮಿಷ ಮೇಡಂ, ಬೆಣ್ಣೆ ತಗೊಂಡು ಬಂದುಬಿಡ್ತೀನಿ,
ಪಕ್ಕದಲ್ಲಿ ಜಾಗ ಇದೆಯಲ್ಲ, ಹೋಗೋಕೆ ಹೇಳಿ.
ಬೆಣ್ಣೆ ಕರಗುವ ತನಕ ನಲವತ್ತು ಜನ
ಟ್ರಾಮಿನೊಳಗೆ ವಾಚು ನೋಡಿಕೊಂಡರು.

ಟೀ ಮಾರುವ ಮುಬಾರಕ್ ಹಳಿಯನ್ನು ಓರೆಯಲ್ಲಿ ದಾಟಲು ಹೋದ.
ಸೈಕಲ್ಲಿನ ಚಕ್ರ ಸೀಳಿಗೆ ಸಿಕ್ಕಿತು,
ಹುಡುಗ ಒಂದು ಕಡೆ, ಫ್ಲಾಸ್ಕು ಒಂದು ಕಡೆ.
ಹಳಿಯ ಗುಂಟ ಟೀ ಹರಿಯಿತು, ಮಾರ್ಕೆಟ್ಟಿನ ದಿಕ್ಕಿಗೇ.
ಮೊದಲು ಬೈದೆ. ಮೊಣಕಾಲು ತೊಳೆದೆ. ಆಮೇಲೆ ಹೇಳಿದೆ:
ಓರೆಯಾಗಿ ಹೋದರೆ ಹಿಡಿಯುತ್ತೆ ಕಣೋ,
ನೆಟ್ಟಗೆ ಅಡ್ಡ ಹೋಗು, ಬಿಡುತ್ತೆ. ನೆಲ ಒದ್ದೆಯಿದ್ದರೆ ಇಳಿದು ತಳ್ಳು.
ಈಗ ಅವನೇ ಊರಿಗೆಲ್ಲ ಮೇಷ್ಟ್ರು,
ಒಂದು ಟೀಗೆ ಒಂದು ಪಾಠ.

ನನ್ನ ಹೆದರಿಕೆಯೆಲ್ಲ ಊದುಬತ್ತಿಯ ಚೌಡಪ್ಪನ ಮೇಲೆ.
ಕಣ್ಣಿಲ್ಲ. ಈ ಗಾಡಿಗೋ ಸದ್ದಿಲ್ಲ.
ಮೂರನೆಯ ಮೇನಿನ ಮೂಲೆಯಲ್ಲಿ
ಕೋಲಿನ ತುದಿಯನ್ನು ಹಳಿಗೆ ಒತ್ತಿ ನಿಂತಿರುತ್ತಾನೆ,
ನಾಡಿ ನೋಡುವವನ ಹಾಗೆ.
ಕೈ ಹಿಡಿಯಲು ಹೋದೆ. ಬೇಡ ಎಂದ.
ಉಳಿದವು ಎಲ್ಲಿಂದ ಬರ್ತವೋ ಶಿವನಿಗೇ ಗೊತ್ತು ತಾಯಿ,
ಫುಟ್‌ಪಾತ್ ಮೇಲೂ ಬರ್ತವೆ, ಕಿವಿಯೊಳಗೇ ಹಾರ್ನ್ ಹೊಡೀತವೆ.
ಇದಾದರೆ ಕೋಲಿಗೆ ಜುಂ ಅನ್ನುತ್ತೆ, ನಿಂತ್ಕೋತೀನಿ.
ಜುಂ ನಿಲ್ಲುತ್ತೆ, ದಾಟ್ತೀನಿ.
ಎಲ್ಲಿರುತ್ತೆ ಅಂತ ಗೊತ್ತಿರೋದು
ಇಡೀ ಊರಲ್ಲಿ ಇದೊಂದೇ.

ಗಂಟೆ ಬಾರಿಸುವುದು ಮರೆತು ನಿಂತುಬಿಟ್ಟೆ.
ಬೆನ್ನಿಗೆ ಮಾರು ದೂರದಲ್ಲಿ ಫ್ರಾನ್ಸಿಸಣ್ಣ ಬ್ರೇಕು ಹಾಕಿ
ನನ್ನ ವಂಶವನ್ನೆಲ್ಲ ಬೈದ.

ಆ ಸಂಜೆ ಬಾವುಟ ಒಪ್ಪಿಸಲಿಲ್ಲ, ಚೀಲದಲ್ಲೇ ಉಳಿದಿತ್ತು.
ಮನೆಗೆ ಹೋಗಲು ಮೈಸೂರು ರಸ್ತೆ ದಾಟಬೇಕು.
ದಿನಾ ಅಂಗೈ ಚಾಚಿ, ಸೊಂಟ ಬಗ್ಗಿಸಿ, ಹಲ್ಲು ಕಿರಿದು,
ಅಣ್ಣಾ ನಿಲ್ಲಿಸಣ್ಣಾ ಎಂದು ಕೋಳಿಯ ಹಾಗೆ ಓಡುತ್ತಿದ್ದವಳು
ಅವತ್ತು ಬಿಚ್ಚಿ ಹಿಡಿದೆ.

ಸ್ಕೂಟರಿನ ಹುಡುಗನೊಬ್ಬ ಗಕ್ಕನೆ ನಿಂತ,
ಅತ್ತ ನೋಡಿದ, ಇತ್ತ ನೋಡಿದ.
ಎಲ್ಲಮ್ಮಾ ಟ್ರಾಂ?
ಇದೇ, ಎಂದೆ.
ಓಡಲಿಲ್ಲ. ಓರೆಯಾಗಲಿಲ್ಲ.

ಆಚೆ ಬದಿಯಲ್ಲಿ ಕಾಲು ಗಡಗಡ ನಡುಗಿತು.
ಬಾವುಟ ಮಡಿಸಲು ತುಂಬಾ ಹೊತ್ತು ಹಿಡಿಯಿತು.