ಮೂರನೇ ಅಂಕಣ

ಬೆಣ್ಣಿಹಳ್ಳದ ಸೇತುವೆ ಮೇಲೆ ಅರ್ಧ ರಸ್ತೆ ಕಟ್ಟಿ
ಕೆಂಪು ಕೋನು ಇಟ್ಟು, ಸುಣ್ಣದ ದಾರ ಹಿಡಿದು ಗೆರೆ ಹೊಡೆದೆವು,
ಎರಡಡಿಗೊಂದು ಗೆರೆ, ಗೆರೆಗೊಂದು ನಂಬರು.
ರೋಣದ ಬಸ್ಸು ಹಾರ್ನು ಬಾರಿಸಿ ನಿಂತಿತು.
ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ,
"ಏನ್ರೀ ಅಕ್ಕಾರ, ಕುಂಟಾಬಿಲ್ಲಿ ಆಡಾಕತ್ತೀರೇನು?"

ನನ್ನ ಗಾಡಿಗೆ ನಾಲ್ಕು ಗಾಲಿ, ಒಂದು ಪೆಟ್ಟಿಗೆ, ಒಂದು ಪರದೆ.
ಮಲಗಿದ ಕೂಸಿನ ಗಾಡಿ ನೂಕಿದಂತೆ ನೂಕಬೇಕು.
ಡಾಂಬರು ಕೆರೆಯುವುದಿಲ್ಲ, ಕಾಂಕ್ರೀಟು ಒಡೆಯುವುದಿಲ್ಲ,
ಒಳಗೊಂದು ಕೂಗು ಕಳಿಸುತ್ತದೆ, ಅಷ್ಟೆ.
ಕಬ್ಬಿಣ ಇದ್ದಲ್ಲಿಂದ ಓ ಎಂದು ತಿರುಗಿ ಬರುತ್ತದೆ,
ಕಣ್ಣೆವೆ ಬಡಿಯುವಷ್ಟರಲ್ಲಿ
ಕೋಟಿ ಸಲ ಹೋಗಿಬರುವ ವೇಗದಲ್ಲಿ.

ಪರದೆಯ ಮೇಲೆ ಸರಳಿಗೊಂದು ಹುಬ್ಬು.
ಹುಬ್ಬು, ಹುಬ್ಬು, ಮತ್ತೆ ಹುಬ್ಬು,
ಪಂಕ್ತಿಯಲ್ಲಿ ಕೂತ ಹೆಣ್ಣುಮಕ್ಕಳ ಹಾಗೆ.
ಮೊದಲ ಅಂಕಣ ಚಂದ. ಎರಡನೆಯದೂ.
ಮೂರನೆಯದರಲ್ಲಿ
ಪಾಟಿಯನ್ನು ಯಾರೋ ಒದ್ದೆ ಅರಿವೆಯಿಂದ ಅರ್ಧ ಒರೆಸಿದಂತೆ.
ಓಗೊಡುತ್ತಿದ್ದ ಕಬ್ಬಿಣ ಗೊಣಗುತ್ತಿದೆ.
ಇನ್ನೊಮ್ಮೆ ನೂಕಿದೆ. ಇನ್ನೊಮ್ಮೆ. ಅದೇ ಮಸುಕು.

ಆಗ ಗಿಡ್ಡಗೋಡೆಯ ಮೇಲೆ ಬೆಳಗಿನಿಂದ ಕೂತಿದ್ದ ಮುದುಕ
ಪರದೆ ನೋಡದೆಯೇ ಕೇಳಿದ,
"ಮೂರನೇದು, ಹೌದಲ್ರೀ?"

ದಾವಲಸಾಬ. ಎಂಬತ್ಮೂರರಲ್ಲಿ ಇದಕ್ಕೆ ಸರಳು ಕಟ್ಟಿದವನು.
"ಸಿಹಿನೀರಿನ ಟ್ಯಾಂಕರು ನವಲಗುಂದದ ಹಂತ್ಯಾಕ ಪಂಕ್ಚರು.
ಸಿಮೆಂಟ್ ಚೀಲ ಬಿಚ್ಚಿ ಆಗಿತ್ತು, ಸಂಜಿನೂ ಆಗಿತ್ತು.
ಮೇಸ್ತ್ರಿ ಹಳ್ಳ ನೋಡಿದ, ನಮ್ಮನ್ನ ನೋಡಿದ.
ಬಾಯಿಂದ ಏನೂ ಹೇಳಲಿಲ್ಲ ನೋಡ್ರಿ.
ಬ್ಯಾಸಗಿ ಸವಳು ನೀರು, ದನಾನೂ ಮೂಸತಿದ್ದಿಲ್ಲ.
ನನ್ನ ಹೇಣ್ತಿನೂ ಹೊತ್ತಾಳ, ನಲವತ್ತು ಕೊಡ.
ಎಣಿಸಿ ಕೂಲಿ ಕೊಟ್ರು."

ನಾನು ಮುಂಡರಗಿ ಕಡೆಯವಳು.
ನಕ್ಕರೆ ಹಲ್ಲಿನ ಮೇಲೊಂದು ಕಂದು ಗೆರೆ ಕಾಣುತ್ತದೆ,
ಫೋಟೋದಲ್ಲಿ ಬಾಯಿ ಮುಚ್ಚುವುದು ರೂಢಿ.
ನೀರು ಹೋದ ಮೇಲೂ ಅದರ ಲೆಕ್ಕ ಒಳಗಿರುತ್ತದೆಂದು
ನನಗೆ ಯಾವ ಯಂತ್ರವೂ ಹೇಳಬೇಕಿಲ್ಲ.

ಫಕ್ಕೀರೇಶ ಸುತ್ತಿಗೆ ತಂದು ಬಡಿದ.
ಟಣ್. ಟಣ್. ಟಣ್. ಧಬ್.
ಅಜ್ಜನಿಗೆ ಕಿವಿ ಮಂದ. ಮೊಣಕಾಲೂರಿ ಕೂತು
ಅಂಗೈ ನೆಲಕ್ಕೊತ್ತಿ, "ಬಡಿ" ಎಂದ.
ಕೈ ಸರಿಸಿದ, "ಬಡಿ". ಸರಿಸಿದ, "ಬಡಿ".
"ಇಲ್ಲಿಂದ, ಇಲ್ಲೀಮಟ."
ಹಳದಿ ಬಣ್ಣದಲ್ಲಿ ಸುತ್ತು ಎಳೆದೆವು.
ನನ್ನ ನಕ್ಷೆಗೂ ಅವನ ಅಂಗೈಗೂ
ಒಂದು ಕಡೆ ಗೇಣು ಫರಕು ಬಂತು.
ಯಾರದು ತಪ್ಪೆಂದು ಕೋರ್ ತೆಗೆದಾಗ ತಿಳಿದೀತು.

"ನಾ ಕಟ್ಟಿದ ಗಂಟು ಕಾಣ್ತಾವೇನ್ರಿ ಅದರಾಗ?"
ಬೈಂಡಿಂಗ್ ತಂತಿ. ಅಷ್ಟು ಸಣ್ಣದು ಇದಕ್ಕೆ ಕಾಣುವುದಿಲ್ಲ.
"ಕಾಣಂಗಿಲ್ಲ ಅಜ್ಜಾ" ಎಂದೆ.
"ಕಂಡಿದ್ರ ಚಲೋ ಆಗ್ತಿತ್ತು.
ಒಂದೂ ಸಡಲ ಕಟ್ಟಿದ್ದಿಲ್ಲ."

ವರದಿಯ ಏಳನೇ ಕಾಲಮ್ಮು, ಸಂಭವನೀಯ ಕಾರಣ.
"ಮಿಶ್ರಣದ ನೀರಿನಲ್ಲಿ ಲವಣಾಂಶ, ಪರೀಕ್ಷಿಸತಕ್ಕದ್ದು."
ಪಂಕ್ಚರಿಗೆ ಕಾಲಮ್ಮಿಲ್ಲ.
ನಲವತ್ತು ಕೊಡಕ್ಕೂ ಇಲ್ಲ.
ಆ ಸಂಜೆ ಸುಮ್ಮನಿದ್ದ ಬಾಯಿಗೆ ಮೊದಲೇ ಇಲ್ಲ.

ಕೋನು ಎತ್ತಿದೆವು. ಕಡಲೆ ಹೊಟ್ಟಿನ ಟ್ರಾಕ್ಟರು ಮೊದಲು ದಾಟಿತು,
ನಾನು ಉಸಿರು ಹಿಡಿದು ಎಣಿಸಿದೆ.
ದಾವಲಸಾಬ ಅದರ ಹಿಂದೆ ಊರ ಕಡೆ ಹೊರಟ,
ಒಂದನೇ ಅಂಕಣ, ಎರಡನೆಯದು,
ಮೂರನೆಯದು ಬಂದಾಗ ಬಗ್ಗಿ
ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದ.
ಭಾರ ಕಡಿಮೆ ಮಾಡಲೆಂದೋ, ಇನ್ನೇನೋ.
ಫಕ್ಕೀರೇಶ ನನ್ನ ಮುಖ ನೋಡಿದ.
ನಾನು ಬ್ಯಾಟರಿ ಬಿಚ್ಚತೊಡಗಿದೆ.