ಮೈನಸ್ ಎಪ್ಪತ್ತೊಂದು

ಕೂಳೂರಿನ ಈ ದಡದಲ್ಲಿ ಒಂದು ಕಂಬ,
ಹೊಳೆಯಾಚೆ ತಣ್ಣೀರುಬಾವಿಯಲ್ಲಿ ಇನ್ನೊಂದು.
ಅಲ್ಲಿನ ಟ್ಯಾಂಕಿನಲ್ಲಿ ತಾಳೆ ಎಣ್ಣೆ ಎಷ್ಟು ಮೀಟರ್ ಉಂಟೆಂದು
ಇಲ್ಲಿನ ಕಂಟ್ರೋಲ್ ರೂಮಿಗೆ ನಿಮಿಷಕ್ಕೊಮ್ಮೆ ಹೇಳಬೇಕು,
ಅಷ್ಟೇ ಮಾತು.
ಅಷ್ಟು ಮಾತಿಗೆ ಹದಿನೈದು ದಿನ ಬಿಸಿಲಲ್ಲಿ ನಿಂತೆವು.

ಸಿನಾನ್ ಮೇಲೆ, ನಾನು ಕೆಳಗೆ.
ಅವನ ಸೊಂಟಕ್ಕೆ ಬೆಲ್ಟು, ಹಲ್ಲಿನ ನಡುವೆ ಕೇಬಲ್ ಟೈ,
ಕೈಯಲ್ಲಿ ಯಾಗಿ ಆಂಟೆನಾ,
ಯಾರೋ ಊಟ ಮುಗಿಸಿ ತಟ್ಟೆಯ ಅಂಚಿಗೆ ಸರಿಸಿದ
ಬಂಗುಡೆಯ ಮುಳ್ಳಿನ ಹಾಗೆ.
ನನ್ನ ಮಡಿಲಲ್ಲಿ ಲ್ಯಾಪ್‌ಟಾಪ್, ಅದರ ಮೇಲೆ ಕೊಡೆ.
'ಒಂಚೂರು ಎಡಕ್ಕೆ' ಎನ್ನುತ್ತೇನೆ.
ಒಂಚೂರು ಅಂದರೆ ಎಷ್ಟೆಂದು ಅವನು ಕೇಳುವುದಿಲ್ಲ,
ಏಳು ವರ್ಷದಿಂದ ಕೇಳಿಲ್ಲ.
ಎಂಬತ್ತೆಂಟು. ಎಂಬತ್ತು. ಎಪ್ಪತ್ತಾರು.
ನಿಲ್ಲು, ನಿಲ್ಲು.
ಎಪ್ಪತ್ತೊಂದು.

ಈ ಲೆಕ್ಕವೇ ಹಾಗೆ, ಎಲ್ಲವೂ ಸೊನ್ನೆಗಿಂತ ಕೆಳಗೆ.
ಮಗಳಿಗೆ ಹೇಳಿಕೊಟ್ಟಾಗ ನಕ್ಕಳು:
'ಹಾಗಾದ್ರೆ ಅಮ್ಮ, ನಿನ್ನ ಕೆಲಸದಲ್ಲಿ ಯಾವತ್ತೂ ಸಾಲವೇ.'
ಹೌದು ಮಗಾ. ಸಾಲ ತಗ್ಗಿದರೆ ಅದೇ ಲಾಭ.

ಕೇಬಲಿನ ಕೀಲಿಗೆ ರಬ್ಬರ್ ಟೇಪು ಎಳೆದೆಳೆದು ಸುತ್ತಿದೆವು.
ಇಲ್ಲಿನ ಗಾಳಿಗೆ ಉಪ್ಪಿನ ನಾಲಿಗೆ,
ಹಿತ್ತಾಳೆಯನ್ನೂ ನೆಕ್ಕಿ ಹಸಿರಾಗಿಸುತ್ತದೆ.
ಸಂಜೆ ವರದಿ ಬರೆದೆ: ಸಂಪರ್ಕ ಸರಿಯಾಗಿದೆ.

ರಾತ್ರಿ ಹನ್ನೊಂದೂವರೆಗೆ ಫೋನು.
'ಮೇಡಂ, ಟ್ಯಾಂಕ್ ಮಾತಾಡ್ತಾ ಇಲ್ಲ.'
ಬೆಳಿಗ್ಗೆ ಓಡಿದರೆ ಅದು ಮಾತಾಡುತ್ತಾ ಕೂತಿದೆ,
ಏನೂ ಆಗದವರ ಹಾಗೆ.
ಮರುದಿನವೂ ಅದೇ, ಮುಕ್ಕಾಲು ಗಂಟೆ ತಡವಾಗಿ.
ಕೇಬಲ್ ಬದಲಿಸಿದೆವು. ರೇಡಿಯೋ ಬದಲಿಸಿದೆವು.
ಕಚೇರಿಯಿಂದ ಒಂದೇ ಉತ್ತರ: ಎತ್ತರ ಏರಿಸಿ.
ಮೂರು ಮೀಟರ್ ಏರಿಸಿದೆವು.
ಇನ್ನೂ ಕೆಟ್ಟಿತು.

ಸೆವ್ರಿನ್ ಬಾಯಮ್ಮ ಹೊಳೆಯ ನಡುವೆ ಸೊಂಟಮಟ್ಟ ನೀರಲ್ಲಿ
ಹೆಬ್ಬೆರಳಿಂದ ತಡವಿ ತಡವಿ ಮರುವಾಯಿ ಹೆಕ್ಕುತ್ತಾರೆ.
ಅವರು ಹೊಳೆಯಲ್ಲಿದ್ದಷ್ಟು ಹೊತ್ತು ಎಪ್ಪತ್ತೊಂದು.
ದಡ ಹತ್ತಿ, ಬುಟ್ಟಿ ತೊಳೆದು,
ನನ್ನ ಕೊಡೆಯ ನೆರಳಿಗೆ ಬಂದು ಎಲೆಗೆ ಸುಣ್ಣ ಸವರುವ ಹೊತ್ತಿಗೆ
ಎಂಬತ್ತು, ಎಂಬತ್ತೊಂಬತ್ತು, ತೊಂಬತ್ತನಾಲ್ಕು,
ಆಮೇಲೆ ಖಾಲಿ ಗೆರೆ.
ಮೂರನೆಯ ಸಲ ಕಂಡಾಗ ಮೈ ಜುಮ್ಮೆಂದಿತು.

'ಬಾಯಮ್ಮ, ನೀವು ಈಗ ಎಂತಕ್ಕೆ ಮೇಲೆ ಬಂದದ್ದು?'
'ಭರತ ಏರಿತಲ್ಲ ಮಾರಾಯ್ತಿ,
ಕುತ್ತಿಗೆವರೆಗೆ ನೀರಾದ ಮೇಲೆ ಅಲ್ಲಿ ನಿಲ್ಲಲಿಕ್ಕೆ
ನಾನೆಂತ ಮೀನಾ?'

ಹೌದಲ್ಲ.
ಮಾತು ಗಾಳಿಯಲ್ಲಿ ನೇರ ಹೋಗುವುದು ಒಂದು ದಾರಿ,
ಅದೇ ಮಾತು ನೀರಿಗೆ ತಾಗಿ ಚಿಮ್ಮಿ ಹೋಗುವುದು ಇನ್ನೊಂದು.
ಹೊಳೆ ತುಂಬಿ ಎದ್ದಾಗ ಎರಡನೆಯದು
ಏರಿಗೆ ಇಳಿವಾಗಿ, ಇಳಿವಿಗೆ ಏರಾಗಿ ತಲುಪಿ
ಮೊದಲನೆಯದನ್ನು ಒರೆಸಿ ಹಾಕುತ್ತದೆ.
ಹೇಳಿದ್ದೂ ತಾನೇ, ಬಾಯಿ ಮುಚ್ಚಿಸಿದ್ದೂ ತಾನೇ.
ಕಳ್ಳನನ್ನು ಬೇರೆಯವರ ಮನೆಯಲ್ಲಿ ಹುಡುಕುತ್ತಿದ್ದೆವು.

ಕೆಳಗಿಳಿಸಿದೆವು. ಏರಿಸಿದ ಮೂರು, ಅದರ ಮೇಲೆ ಐದು,
ಕಾಂಡ್ಲಾ ಗಿಡಗಳ ನೆತ್ತಿಯ ಮೇಲೆ ನೇರ ದಾರಿ ಉಳಿಯುವಷ್ಟು,
ನೀರಿಂದ ಚಿಮ್ಮಿದ್ದು ಎಲೆಗಳಲ್ಲೇ ಸಿಕ್ಕಿ ಬೀಳುವಷ್ಟು.
'ಇದನ್ನು ಆಫೀಸಿಗೆ ಎಂತ ಹೇಳುದು?' ಸಿನಾನ್ ಕೇಳಿದ.
ವರದಿಯಲ್ಲಿ ಕಾರಣ ಎಂಬಲ್ಲಿ 'ಹೊಳೆ' ಎಂದು ಬರೆದು,
ಹೊಡೆದು ಹಾಕಿ,
ಒಂದು ಪುಟ ಇಂಗ್ಲಿಷಿನಲ್ಲಿ ಬರೆದೆ.

ಹುಣ್ಣಿಮೆಯ ನಡುಹಗಲು, ಹೊಳೆ ದಡ ಮೀರುವ ಹಾಗೆ ಉಬ್ಬಿದೆ.
ಎಪ್ಪತ್ತನಾಲ್ಕು.
ಕದಲುತ್ತಿಲ್ಲ. ಮೂರು ಹೆಚ್ಚು, ಇರಲಿ,
ಅಷ್ಟು ಸಾಲ ತೀರಿಸದೆ ಬದುಕಬಹುದು.

ಬಾಯಮ್ಮ ಪರದೆಯ ಕಡೆ ಬಗ್ಗಿ ನೋಡಿದರು.
'ಅದು ಆಗದಿಂದ ಎಂತ ಹೇಳ್ತಾ ಉಂಟು?'
'ಆಚೆಯ ಟ್ಯಾಂಕಿನಲ್ಲಿ ಎಣ್ಣೆ ಎಷ್ಟುಂಟು ಅಂತ.'
'ಅಷ್ಟೆಯಾ?
ನನ್ನ ಹತ್ರ ಹೇಳಿದ್ರೆ ದೋಣಿಯಲ್ಲಿ ಹೋಗಿ
ನೋಡಿಕೊಂಡು ಬರ್ತಿದ್ದೆ.'